ನರಕ್ಯಾ ಮರ ಮತ್ತು ಒಂದು ಔಷಧಿಯ ದಾರಿ

ಗಡಹಿಂಗ್ಲಜದಿಂದ ಆಜರಾ ದಾಟಿ ಅಂಬೋಲಿಯ ದಾರಿ ಹಿಡಿದರೆ ಹಿರಣ್ಯಕೇಶಿ ಹುಟ್ಟುವ ಘಟ್ಟದ ಕಾಡು ಸಿಗುತ್ತದೆ. ಆ ಕಾಡಿನಲ್ಲಿ, ಹಾಗೆಯೇ ಚಂದಗಡ, ರಾಧಾನಗರಿ, ಶಾಹೂವಾಡಿಯ ಘಟ್ಟದ ಅಂಚಿನಲ್ಲಿ, ದೊಡ್ಡ ಮರಗಳ ನೆರಳಿನ ಕೆಳಗೆ ಬೆಳೆಯುವ ಒಂದು ಸಣ್ಣ ಮರವಿದೆ. ನೋಡಲು ವಿಶೇಷವೇನೂ ಇಲ್ಲ. ತೇಗದಂತೆ ಬಾಗಿಲು ಚೌಕಟ್ಟಿಗೆ ಬಾರದು, ನೇರಳೆಯಂತೆ ಹಣ್ಣಿಗೂ ಬಾರದು. ಹೂ ಬಿಟ್ಟ ಕಾಲಕ್ಕೆ ಮಾತ್ರ ಅದರ ಇರುವು ದೂರದಿಂದಲೇ ಗೊತ್ತಾಗುತ್ತದೆ, ಏಕೆಂದರೆ ಹೂವು ನಾರುತ್ತದೆ. ನಮ್ಮ ಕನ್ನಡದಲ್ಲಿ ಇದಕ್ಕೆ ದುರ್ವಾಸನೆ ಮರವೆಂದೇ ಹೆಸರು. ಮರಾಠಿಯಲ್ಲಿ ನರಕ್ಯಾ ಎನ್ನುತ್ತಾರೆ, ಘಾಣೇರಾ ಎಂದೂ ಎನ್ನುತ್ತಾರೆ. ಅದೇ ಮರಾಠಿಯಲ್ಲಿ ಇದೇ ಮರಕ್ಕೆ ಅಮೃತಾ ಎಂಬ ಹೆಸರೂ ಇದೆ. ನರಕವನ್ನೂ ಅಮೃತವನ್ನೂ ಒಂದೇ ಮರಕ್ಕೆ ಕಟ್ಟಿದ ಜನರನ್ನು ಏನೆನ್ನೋಣ!

ಶಾಸ್ತ್ರದ ಹೆಸರಿಗೂ ಒಂದು ಕಥೆಯಿದೆ. ಜಾನ್ ಗ್ರಹಾಂ ಎಂಬುವರು ಮುಂಬಯಿ ಸೀಮೆಯ ಗಿಡಮರಗಳ ಒಂದು ಪಟ್ಟಿ ಬರೆದರು. 1839ರಲ್ಲಿ ಪುಸ್ತಕ ಅಚ್ಚಾಗುತ್ತಿರುವಾಗಲೇ ಅವರು ತೀರಿಕೊಂಡರು, ಉಳಿದ ಭಾಗವನ್ನು ಮುಗಿಸಿಕೊಟ್ಟವರು ಅವರ ಗೆಳೆಯ ನಿಮ್ಮೋ. ಈ ಮರ ಇಂದು ಆ ನಿಮ್ಮೋ ಅವರ ಹೆಸರನ್ನೇ ಹೊತ್ತು 'ನೋಥಾಪೊಡೈಟಿಸ್ ನಿಮ್ಮೋನಿಯಾನಾ' ಆಗಿದೆ. ಹಳೆಯ ಗ್ರಂಥಗಳಲ್ಲಿ 'ಮಾಪಿಯಾ ಫೀಟಿಡಾ' ಎಂದಿರುತ್ತದೆ. ಫೀಟಿಡಾ ಎಂದರೆ ಲ್ಯಾಟಿನ್ನಿನಲ್ಲಿ ನಾರುವುದು ಎಂದೇ ಅರ್ಥ.

ಈ ಮರದ ಕಟ್ಟಿಗೆಯಿಂದ ಕ್ಯಾನ್ಸರಿನ ಔಷಧಿ ತೆಗೆಯುತ್ತಾರೆಂಬುದು ನಮ್ಮ ಭಾಗದಲ್ಲಿ ಬಹಳ ಜನರಿಗೆ ಗೊತ್ತು. ಕಾಡಿನಿಂದ ಕಳ್ಳತನದಲ್ಲಿ ನರಕ್ಯಾ ಸಾಗಿಸುವಾಗ ಲಾರಿ ಸಿಕ್ಕಿಬಿದ್ದ ಸುದ್ದಿಗಳಿಂದ ಹೆಸರು ಇನ್ನಷ್ಟು ಹಬ್ಬಿತು. ಆದರೆ ಆ ಔಷಧಿ ಮರದಿಂದ ಹೊರಟು ರೋಗಿಯ ದೇಹದೊಳಗೆ ಸರಿಯಾದ ಜಾಗ ಮುಟ್ಟಲು ಮೂವತ್ತು ವರ್ಷ ಹಿಡಿಯಿತೆಂಬುದು ಅಷ್ಟಾಗಿ ತಿಳಿದಿಲ್ಲ. ನಡುವೆ ಒಮ್ಮೆ ಅದು ಪೂರ್ತಿ ಸೋತು ಮೂಲೆ ಸೇರಿತ್ತು. ಸೋತದ್ದು ಔಷಧಿಯ ಗುಣ ಕಡಿಮೆಯಾಗಿ ಅಲ್ಲ. ದೇಹದೊಳಗೆ ಅದು ಹೋಗುವ ದಾರಿ ಯಾರಿಗೂ ತಿಳಿದಿರಲಿಲ್ಲ.

ಔಷಧಿಯ ದಾರಿ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಗುಳಿಗೆ ನುಂಗುತ್ತೇವೆ, ತಲೆನೋವು ಹೋಗುತ್ತದೆ, ಗುಳಿಗೆ ತಲೆಗೆ ಹೋಯಿತೆಂದು ತಿಳಿಯುತ್ತೇವೆ. ನಿಜಕ್ಕೂ ಗುಳಿಗೆಗೆ ತಲೆಯೂ ಗೊತ್ತಿಲ್ಲ, ಕಾಲೂ ಗೊತ್ತಿಲ್ಲ. ಅದು ಹೊಟ್ಟೆಯ ಆಮ್ಲದಲ್ಲಿ ಕರಗಬೇಕು, ಸಣ್ಣ ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರಬೇಕು. ಕರುಳಿನಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ, ಮೊದಲು ಯಕೃತ್ತಿಗೆ ಹೋಗುತ್ತದೆ. ಕೊಲ್ಲಾಪುರದಿಂದ ಹೆದ್ದಾರಿ ಹಿಡಿದು ನಿಪ್ಪಾಣಿಗೆ ಹೋಗುವವರು ಕೊಗನೋಳಿ ನಾಕಾ ದಾಟಿಯೇ ಹೋಗಬೇಕಲ್ಲ, ಹಾಗೆ. ಯಕೃತ್ತು ಬಂದ ಸರಕನ್ನೆಲ್ಲ ತಡೆದು ನೋಡುತ್ತದೆ, ಕೆಲವನ್ನು ಒಡೆಯುತ್ತದೆ, ಕೆಲವಕ್ಕೆ ಏನನ್ನೋ ಅಂಟಿಸಿ ಕಳುಹಿಸುತ್ತದೆ, ಕೆಲವನ್ನು ಪಿತ್ತರಸದೊಡನೆ ಮರಳಿ ಕರುಳಿಗೆ ತಳ್ಳುತ್ತದೆ. ಉಳಿದದ್ದು ದೇಹದ ತುಂಬ ಹರಡುತ್ತದೆ. ಕೊನೆಗೆ ಮೂತ್ರಪಿಂಡ ಅದನ್ನು ಸೋಸಿ ಹೊರಹಾಕುತ್ತದೆ. ನಮ್ಮೂರ ಕಡೆ ಹಿರಿಯರು, 'ಡಾಕ್ಟರ್‌ರ, ಸೂಜಿ ಮಾಡ್ರಿ, ಗುಳಿಗಿ ಬ್ಯಾಡ' ಎಂದು ಹಟ ಹಿಡಿಯುವುದುಂಟು. ಸೂಜಿಯ ಔಷಧಿ ನಾಕಾ ತಪ್ಪಿಸಿ ಅಡ್ಡದಾರಿಯಲ್ಲಿ ಒಳಬರುತ್ತದೆ, ಬೇಗ ಮುಟ್ಟುತ್ತದೆ ಎಂಬುದು ನಿಜ. ಆದರೆ ರಕ್ತ ಸುತ್ತುತ್ತಲೇ ಇರುವುದರಿಂದ ಒಂದಲ್ಲ ಒಂದು ಸುತ್ತಿನಲ್ಲಿ ಯಕೃತ್ತು ಅದನ್ನೂ ಹಿಡಿಯುತ್ತದೆ.

ಹಳೆಯ ವೈದ್ಯರಿಗೆ ಇದರ ಸುಳಿವೇ ಇರಲಿಲ್ಲವೆಂದು ತಿಳಿಯಬಾರದು. ಆಯುರ್ವೇದದ ಪಂಡಿತರು ಪುಡಿ ಕೊಡುವಾಗ ಅನುಪಾನವನ್ನೂ ಹೇಳಿಯೇ ಕೊಡುತ್ತಿದ್ದರು. ಇದನ್ನು ಜೇನಿನಲ್ಲಿ, ಇದನ್ನು ತುಪ್ಪದಲ್ಲಿ, ಇದನ್ನು ಬಿಸಿನೀರಿನಲ್ಲಿ ಎಂದು. ಔಷಧಿ ಎಷ್ಟು ಮುಖ್ಯವೋ ಅದನ್ನು ಹೊತ್ತೊಯ್ಯುವ ವಾಹನವೂ ಅಷ್ಟೇ ಮುಖ್ಯವೆಂಬ ಅನುಭವ ಅದರ ಹಿಂದಿತ್ತು. ನರಕ್ಯಾದ ಕಥೆ ಕೆಟ್ಟದ್ದು ಸರಿಯಾಗಿ ಈ ಅನುಪಾನದ ಪ್ರಶ್ನೆಯಲ್ಲಿ.

ಕಥೆ ಆರಂಭವಾಗುವುದು ನಮ್ಮ ಘಟ್ಟದಲ್ಲಲ್ಲ, ಅಮೆರಿಕದಲ್ಲಿ, ಅದೂ ಒಂದು ಚೀನಾ ಮರದಿಂದ. 1950ರ ದಶಕದಲ್ಲಿ ಅಲ್ಲಿಯ ಕೃಷಿ ಇಲಾಖೆಯ ಪ್ರಯೋಗಶಾಲೆಯಲ್ಲಿ ಮನ್ರೋ ವಾಲ್ ಎಂಬ ರಸಾಯನಶಾಸ್ತ್ರಜ್ಞರು ಸಾವಿರಾರು ಸಸ್ಯಗಳ ಸಾರ ತೆಗೆದಿಟ್ಟಿದ್ದರು. ಅವರು ಹುಡುಕುತ್ತಿದ್ದುದು ಕಾರ್ಟಿಸೋನ್ ತಯಾರಿಸಲು ಬೇಕಾದ ವಸ್ತುವನ್ನು, ಕ್ಯಾನ್ಸರಿನ ಔಷಧಿಯನ್ನಲ್ಲ. ಅಲ್ಲಿಯ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು ಕೇಳಿದಾಗ ಆ ಸಾರಗಳಲ್ಲಿ ಸಾವಿರದಷ್ಟನ್ನು ಪರೀಕ್ಷೆಗೆ ಕೊಟ್ಟರು. ಅವುಗಳಲ್ಲಿ 'ಕ್ಯಾಂಪ್ಟೋಥೆಕಾ' ಎಂಬ ಚೀನೀ ಮರದ ಸಾರ ಇಲಿಗಳ ಗಡ್ಡೆಯ ಮೇಲೆ ಚೆನ್ನಾಗಿ ಕೆಲಸ ಮಾಡಿತು. ಆಮೇಲೆ ವಾಲ್ ಅವರು ಉತ್ತರ ಕೆರೊಲಿನಾದ ಒಂದು ಸಂಶೋಧನಾ ಸಂಸ್ಥೆಗೆ ಹೋದರು. 1962ರಲ್ಲಿ ಅಲ್ಲಿ ಅವರ ಜೊತೆಗೂಡಿದವರು ಮನ್ಸುಖ್ ವಾಣಿ. ಇವರು ನಮ್ಮ ಮಹಾರಾಷ್ಟ್ರದವರೇ, 1925ರಲ್ಲಿ ನಂದುರಬಾರದಲ್ಲಿ ಹುಟ್ಟಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಓದಿದವರು. ಇಬ್ಬರೂ ಸಂಗಡಿಗರೊಡನೆ ಸೇರಿ 1966ರಲ್ಲಿ ಆ ಸಾರದ ಮೂಲವಸ್ತುವನ್ನು ಬೇರ್ಪಡಿಸಿ ಅದರ ರಚನೆಯನ್ನು ಬರೆದರು. ಹೆಸರು ಕ್ಯಾಂಪ್ಟೋಥೆಸಿನ್. ಟ್ಯಾಕ್ಸಾಲ್ ಎಂಬ ಇನ್ನೊಂದು ಹೆಸರಾಂತ ಔಷಧಿಯ ರಚನೆಯನ್ನು 1971ರಲ್ಲಿ ಪ್ರಕಟಿಸಿದವರೂ ಇವರೇ. ನಂದುರಬಾರದ ಹುಡುಗನೊಬ್ಬನ ಕೈಯಲ್ಲಿ ಇಂಥ ಎರಡು ಔಷಧಿಗಳು ಹಾಯ್ದುಹೋದವು ಎಂಬುದನ್ನು ನಮ್ಮ ಶಾಲೆಯ ಪುಸ್ತಕಗಳು ಹೇಳಿದರೆ ಚೆನ್ನಾಗಿತ್ತು.

ಕ್ಯಾಂಪ್ಟೋಥೆಸಿನ್ನಿನಲ್ಲಿ ಐದು ಉಂಗುರಗಳು ಒಂದಕ್ಕೊಂದು ಅಂಟಿಕೊಂಡಿವೆ. ಕೊನೆಯ ಉಂಗುರದ ಹೆಸರು ಲ್ಯಾಕ್ಟೋನ್. ಅದು ಮುಚ್ಚಿದ್ದರೆ ಔಷಧಿಗೆ ಜೀವ, ತೆರೆದರೆ ಔಷಧಿ ಬಹುಮಟ್ಟಿಗೆ ಸತ್ತಂತೆ. ತೊಡಕೇನೆಂದರೆ, ಮುಚ್ಚಿದ ಉಂಗುರದ ವಸ್ತು ನೀರಿನಲ್ಲಿ ಕರಗುವುದಿಲ್ಲ. ಕರಗದ ವಸ್ತುವನ್ನು ರಕ್ತನಾಳಕ್ಕೆ ಹಾಕುವುದು ಹೇಗೆ? ವೈದ್ಯರು ಒಂದು ಉಪಾಯ ಮಾಡಿದರು. ಇಚಲಕರಂಜಿಯಲ್ಲಿ ಬಟ್ಟೆಗೆ ಬಣ್ಣ ಹಾಕುವವರಿಗೆ ಇದನ್ನು ಬೇಗ ತಿಳಿಸಬಹುದು. ಕೆಲವು ಬಣ್ಣಗಳು ಬರಿ ನೀರಿಗೆ ಕರಗುವುದಿಲ್ಲ, ಕಾಸ್ಟಿಕ್ ಸೋಡಾ ಮತ್ತು ಹೈಡ್ರೋಸ್ ಹಾಕಿದಾಗ ಕರಗಿ ನೂಲಿನೊಳಗೆ ಇಳಿಯುತ್ತವೆ, ಆಮೇಲೆ ಗಾಳಿಗೆ ಹಿಡಿದಾಗ ಮತ್ತೆ ಕರಗದ ರೂಪಕ್ಕೆ ಬಂದು ಅಲ್ಲೇ ನಿಲ್ಲುತ್ತವೆ. ಅದೇ ಬಗೆಯ ಲೆಕ್ಕಾಚಾರದಲ್ಲಿ ಕ್ಯಾಂಪ್ಟೋಥೆಸಿನ್ನಿಗೂ ಕ್ಷಾರ ಸೇರಿಸಿ ಉಂಗುರ ತೆರೆಸಿ ಸೋಡಿಯಂ ಲವಣ ಮಾಡಿದರು. ಅದು ನೀರಿನಲ್ಲಿ ಚೆನ್ನಾಗಿ ಕರಗಿತು. ದೇಹದೊಳಗೆ ಹೋದ ಮೇಲೆ ಅದು ಹೇಗಾದರೂ ಮತ್ತೆ ಮುಚ್ಚಿಕೊಂಡೀತು ಎಂಬ ಭರವಸೆ.

ಮುಚ್ಚಿಕೊಂಡದ್ದೇನೋ ಹೌದು, ಆದರೆ ಎಲ್ಲಿ? ಮನುಷ್ಯನ ರಕ್ತ ತುಸು ಕ್ಷಾರಗುಣದ್ದು. ಅಲ್ಲಿ ಉಂಗುರ ತೆರೆದೇ ಉಳಿಯುತ್ತದೆ. ಮೂತ್ರ ಸಾಮಾನ್ಯವಾಗಿ ಆಮ್ಲಗುಣದ್ದು. ಮೂತ್ರಪಿಂಡ ಸೋಸಿ ಕಳುಹಿಸಿದ ಔಷಧಿ ಮೂತ್ರಕೋಶದಲ್ಲಿ ತುಂಬಿ ನಿಂತಾಗ ಅಲ್ಲಿ ಉಂಗುರ ಮುಚ್ಚಿಕೊಂಡಿತು, ಔಷಧಿಗೆ ಜೀವ ಬಂತು. ಗಡ್ಡೆ ಇದ್ದಲ್ಲಿ ಜೀವ ಬರಲಿಲ್ಲ, ಬೇಡವಾದ ಕಡೆ ಬಂತು. ರೋಗಿಗಳ ಮೂತ್ರಕೋಶದ ಒಳಪದರ ಸುಟ್ಟು ರಕ್ತ ಬರತೊಡಗಿತು. ವಾಂತಿ, ಭೇದಿ, ರಕ್ತಕಣಗಳ ಇಳಿತ ಬೇರೆ. ಗುಣ ಕಂಡವರು ಕೆಲವೇ ಜನ. 1972ರ ಹೊತ್ತಿಗೆ ಅಮೆರಿಕದಲ್ಲಿ ಆ ಪ್ರಯೋಗಗಳನ್ನು ನಿಲ್ಲಿಸಲಾಯಿತು.

ಇಲ್ಲಿ ನನಗೆ ಬೇಸರ ತರಿಸುವ ಸಂಗತಿಯೊಂದಿದೆ. ಲವಣರೂಪದ ಔಷಧಿಗೆ ಶಕ್ತಿ ಬಹಳ ಕಡಿಮೆಯೆಂಬ ಸೂಚನೆ ಇಲಿಗಳ ಪರೀಕ್ಷೆಯಲ್ಲೇ ಇತ್ತು. ಉಂಗುರ ಮುಚ್ಚಿರಲೇಬೇಕೆಂದು ವಾಲ್ ಮತ್ತು ವಾಣಿ ಒತ್ತಿ ಹೇಳುತ್ತಲೇ ಇದ್ದರು. ಆದರೂ ಕರಗುತ್ತದೆ ಎಂಬ ಒಂದು ಅನುಕೂಲಕ್ಕಾಗಿ ಅದನ್ನೇ ಮನುಷ್ಯರಿಗೆ ಕೊಟ್ಟರು. ಅಂದಿನ ಕ್ಯಾನ್ಸರ್ ರೋಗಿಗಳಿಗೆ ಬೇರೆ ದಾರಿಗಳು ಕಡಿಮೆ, ಅವಸರ ಸಹಜ, ಎಲ್ಲವನ್ನೂ ಒಪ್ಪೋಣ. ನೋವು ತಿಂದವರು ಮಾತ್ರ ಆ ರೋಗಿಗಳು.

1972 ಈ ಕಥೆಯಲ್ಲಿ ವಿಚಿತ್ರ ವರ್ಷ. ಅತ್ತ ಪ್ರಯೋಗ ನಿಂತ ಅದೇ ವರ್ಷ ಇತ್ತ ಮುಂಬಯಿಯ ಗೋರೆಗಾಂವದ ಸಿಬಾ ಸಂಶೋಧನಾ ಕೇಂದ್ರದಲ್ಲಿ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ನಮ್ಮ ಘಟ್ಟದ ದುರ್ವಾಸನೆ ಮರವನ್ನು ಪರೀಕ್ಷಿಸಿ, ಅದರಲ್ಲಿಯೂ ಕ್ಯಾಂಪ್ಟೋಥೆಸಿನ್ ಇದೆಯೆಂದು ಪ್ರಕಟಿಸಿದರು. ಗೋವಿಂದಾಚಾರಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಬಂದ, ಸಸ್ಯರಸಾಯನದಲ್ಲಿ ದೊಡ್ಡ ಹೆಸರು. ಚೀನಾದ ಮರಕ್ಕೂ ನಮ್ಮ ಮರಕ್ಕೂ ಕುಲದ ನಂಟೇನೂ ಇಲ್ಲ, ಆದರೂ ಅದೇ ವಸ್ತು, ಅದೂ ಧಾರಾಳವಾಗಿ. ನೂರು ಕಿಲೋ ಒಣ ಕಟ್ಟಿಗೆಯಲ್ಲಿ ನೂರರಿಂದ ಮುನ್ನೂರು ಗ್ರಾಮಿನಷ್ಟು ಸಿಗುತ್ತದೆ. ಕಡಿಮೆ ಅನ್ನಿಸಬಹುದು, ಈ ಧಂದೆಯಲ್ಲಿ ಅದು ಬಹಳ. ಅದೇ 1972ರಲ್ಲಿ ಮೂರನೆಯ ಘಟನೆಯೊಂದು ನಡೆಯಿತು. ಜೇಮ್ಸ್ ಶಾಂಪೂ ಮತ್ತು ರೆನಾಟೋ ಡುಲ್ಬೆಕ್ಕೋ ಎಂಬ ವಿಜ್ಞಾನಿಗಳು ಇಲಿಯ ಜೀವಕೋಶದಲ್ಲಿ ಡಿಎನ್‌ಎ ಎಳೆಯ ಹುರಿ ಬಿಚ್ಚುವ ಒಂದು ಕಿಣ್ವ ಇದೆಯೆಂದು ತೋರಿಸಿದರು. ಒಬ್ಬರ ಕೆಲಸಕ್ಕೂ ಇನ್ನೊಬ್ಬರ ಕೆಲಸಕ್ಕೂ ಸಂಬಂಧವಿದೆಯೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಆ ಸಂಬಂಧ ತಿಳಿದದ್ದು 1985ರಲ್ಲಿ. ಲೆರಾಯ್ ಲಿಯು ಮತ್ತು ಅವರ ಸಂಗಡಿಗರು, ಕ್ಯಾಂಪ್ಟೋಥೆಸಿನ್ ಹೋಗಿ ಹಿಡಿಯುವುದು ಇದೇ ಹುರಿ ಬಿಚ್ಚುವ ಕಿಣ್ವವನ್ನು, ಟೋಪೋಐಸೋಮರೇಸ್-1 ಎಂಬುದನ್ನು, ಎಂದು ಕಂಡುಹಿಡಿದರು. ಹೆಸರು ಉದ್ದವಾದರೂ ಕೆಲಸ ನೇಕಾರರಿಗೆ ಪರಿಚಯದ್ದೇ. ಎರಡೆಳೆಯ ಹುರಿ ನೂಲನ್ನು ತೆಗೆದುಕೊಳ್ಳಿ. ಎರಡು ತುದಿ ಬಿಗಿಯಾಗಿ ಕಟ್ಟಿ, ನಡುವೆ ಬೆರಳು ಹಾಕಿ ಎಳೆಗಳನ್ನು ಬೇರೆ ಮಾಡುತ್ತ ಹೋಗಿ. ಬೆರಳಿನ ಮುಂದಿನ ನೂಲು ಹೆಚ್ಚು ಹೆಚ್ಚು ಹುರಿಗೊಂಡು ಕೊನೆಗೆ ಸುರುಳಿ ಸುರುಳಿಯಾಗಿ ಗಂಟು ಬೀಳುತ್ತದೆ. ಜೀವಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎಯ ಎರಡೆಳೆಗಳನ್ನು ಹೀಗೆಯೇ ಬೇರ್ಪಡಿಸಿ ನಕಲು ತೆಗೆಯಬೇಕು. ಆಗ ಈ ಕಿಣ್ವ ಮುಂದೆ ಹೋಗಿ ಒಂದೆಳೆಯನ್ನು ಕತ್ತರಿಸುತ್ತದೆ, ಹೆಚ್ಚಾದ ಹುರಿ ಬಿಚ್ಚಿಕೊಳ್ಳಲು ಬಿಡುತ್ತದೆ, ಮತ್ತೆ ಎಳೆಯನ್ನು ಕೂಡಿಸುತ್ತದೆ. ಕ್ಯಾಂಪ್ಟೋಥೆಸಿನ್ ಆ ಕತ್ತರಿಸಿದ ಜಾಗದ ಸಂದಿಯಲ್ಲಿ ಹೋಗಿ ಕುಳಿತುಕೊಳ್ಳುತ್ತದೆ. ಕತ್ತರಿಸುವುದು ನಡೆದಿದೆ, ಕೂಡಿಸುವುದು ನಡೆಯುವುದಿಲ್ಲ. ಹಿಂದಿನಿಂದ ಬಂದ ನಕಲು ತೆಗೆಯುವ ಯಂತ್ರ ಆ ಸೀಳಿಗೆ ಡಿಕ್ಕಿ ಹೊಡೆದಾಗ ಎರಡೂ ಎಳೆ ತುಂಡಾಗುತ್ತವೆ, ಜೀವಕೋಶ ಸಾಯುತ್ತದೆ. ಬಿಡುವಿಲ್ಲದೆ ಎರಡಾಗುತ್ತಿರುವ ಕೋಶಕ್ಕೆ ಈ ಪೆಟ್ಟು ಹೆಚ್ಚು. ಕ್ಯಾನ್ಸರ್ ಕೋಶ ಅಂಥದ್ದು. ಆದರೆ ಎಲುಬಿನ ಮಜ್ಜೆ, ಕರುಳಿನ ಒಳಪದರ, ಕೂದಲ ಬೇರು ಕೂಡ ಅಂಥವೇ. ಕಿಮೋ ಮಾಡಿಸಿಕೊಂಡವರಿಗೆ ಕೂದಲು ಏಕೆ ಉದುರುತ್ತದೆ, ಬಾಯಿ ಹೊಟ್ಟೆ ಏಕೆ ಕೆಡುತ್ತವೆ ಎಂಬುದಕ್ಕೆ ಕಾರಣ ಇಲ್ಲಿದೆ.

ಔಷಧಿ ಕೆಲಸ ಮಾಡುವ ಜಾಗ ಗೊತ್ತಾಯಿತು. ಮೂಲೆ ಸೇರಿದ್ದ ಕ್ಯಾಂಪ್ಟೋಥೆಸಿನ್ನನ್ನು ಮತ್ತೆ ಎಲ್ಲರೂ ಕೈಗೆತ್ತಿಕೊಂಡರು. ಅಷ್ಟರಲ್ಲಿ ಹಳೆಯ ಸೋಲಿನ ಇನ್ನೊಂದು ಕಾರಣವೂ ಹೊರಬಿತ್ತು. 1990ರ ದಶಕದಲ್ಲಿ ಥಾಮಸ್ ಬರ್ಕ್ ಎಂಬುವರ ತಂಡ ತೋರಿಸಿದ್ದು ಇದು: ಮನುಷ್ಯನ ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನು ತೆರೆದ ಉಂಗುರದ ಔಷಧಿಯನ್ನು ಗಟ್ಟಿಯಾಗಿ ಅಪ್ಪಿಕೊಂಡುಬಿಡುತ್ತದೆ, ಮತ್ತೆ ಮುಚ್ಚಲು ಬಿಡುವುದಿಲ್ಲ. ಮನುಷ್ಯನ ರಕ್ತರಸದಲ್ಲಿ ಸ್ವಲ್ಪ ಹೊತ್ತಿನಲ್ಲೇ ಜೀವವಿರುವ ಔಷಧಿ ನೂರರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಇಲಿಯ ಆಲ್ಬುಮಿನ್ನಿಗೆ ಇಂಥ ಅಪ್ಪುಗೆಯಿಲ್ಲ, ಅದರ ರಕ್ತದಲ್ಲಿ ಎಷ್ಟೋ ಹೆಚ್ಚು ಉಳಿಯುತ್ತದೆ. ಇಲಿಗೆ ಗುಣವಾದ ಔಷಧಿ ಮನುಷ್ಯನಿಗೆ ಏಕೆ ಆಗಲಿಲ್ಲ ಎಂಬ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಇಷ್ಟು ಸ್ಪಷ್ಟವಾದದ್ದು ಅಪರೂಪ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನರಕ್ಯಾದ ತೊಗಟೆ ಕುದಿಸಿ ಕಷಾಯ ಕುಡಿದರೆ ಗಡ್ಡೆ ಕರಗುತ್ತದೆಂದು ಹೇಳುವವರು ನಮ್ಮಲ್ಲಿ ಇದ್ದಾರೆ. ಇಷ್ಟು ಹೊತ್ತು ಹೇಳಿದ್ದನ್ನು ಕೇಳಿದವರಿಗೆ ಅದರ ಅಪಾಯ ತಿಳಿದಿರಬೇಕು. ಅದು ನೀರಿಗೆ ಸರಿಯಾಗಿ ಇಳಿಯದ ವಸ್ತು. ಒಂದು ಮರದಲ್ಲಿ ಇರುವಷ್ಟು ಇನ್ನೊಂದರಲ್ಲಿ ಇರುವುದಿಲ್ಲ. ಒಳಗೆ ಹೋದದ್ದರಲ್ಲಿ ಎಷ್ಟು ಜೀವಂತ ಉಳಿದೀತು, ಎಲ್ಲಿ ಹೋಗಿ ಸುಟ್ಟೀತು, ಹೇಳುವವರಿಲ್ಲ. ಆಸ್ಪತ್ರೆಯಲ್ಲಿ ಮೈಯಳತೆಗೆ ತಕ್ಕಂತೆ ಮಿಲಿಗ್ರಾಮಿನ ಲೆಕ್ಕದಲ್ಲಿ, ರಕ್ತಪರೀಕ್ಷೆ ಮಾಡಿ ಕೊಡುವಾಗಲೇ ತೊಂದರೆ ಕೊಡುವ ಔಷಧಿ ಇದು. ಮಿರಜಿಗೋ ಕೊಲ್ಲಾಪುರಕ್ಕೋ ಬೆಳಗಾವಿಗೋ ಹೋಗಬೇಕಾದ ರೋಗಿ ಕಷಾಯದ ಭರವಸೆಯಲ್ಲಿ ಮೂರು ತಿಂಗಳು ಕಳೆದರೆ, ಆ ಮೂರು ತಿಂಗಳು ಮರಳಿ ಬರುವುದಿಲ್ಲ.

ಕೊನೆಗೆ ಅನುಪಾನದ ಪ್ರಶ್ನೆಯನ್ನು ಬಿಡಿಸಿದವರು ಜಪಾನಿನವರು. ಹುದುಗಿಸಿದ ಹಾಲಿನ ಪೇಯಕ್ಕೆ ಹೆಸರಾದ ಯಾಕುಲ್ಟ್ ಕಂಪನಿಯ ಪ್ರಯೋಗಶಾಲೆಯಲ್ಲಿ 1983ರಲ್ಲಿ, ಕ್ಯಾಂಪ್ಟೋಥೆಸಿನ್ನಿನ ಇನ್ನೊಂದು ತುದಿಗೆ ನೀರಿಗೆ ಒಗ್ಗುವ ಒಂದು ಬಾಲವನ್ನು ಅಂಟಿಸಿದರು. ಉಂಗುರವನ್ನು ಮುಟ್ಟಲಿಲ್ಲ. ಇದು ಇರಿನೋಟೆಕಾನ್. ಈ ರೂಪದಲ್ಲಿ ಅದರ ಶಕ್ತಿ ಅಲ್ಪ. ಯಕೃತ್ತಿನಲ್ಲಿ ಒಂದು ಕಿಣ್ವ ಆ ಬಾಲವನ್ನು ಕತ್ತರಿಸಿದಾಗ ಒಳಗಿನಿಂದ ನೂರಾರು ಪಟ್ಟು ಬಲವಾದ 'ಎಸ್‌ಎನ್-38' ಹೊರಬರುತ್ತದೆ. ಅದರ ಉಂಗುರ ಮನುಷ್ಯನ ರಕ್ತದಲ್ಲಿ ಹೆಚ್ಚು ಹೊತ್ತು ಮುಚ್ಚಿಕೊಂಡೂ ಇರುತ್ತದೆ. ಹಿಂದಿನವರು ಯಕೃತ್ತನ್ನು ತಪ್ಪಿಸಿ ಹೋಗಲು ನೋಡುತ್ತಿದ್ದರೆ ಇವರು ಯಕೃತ್ತಿನ ಕೈಯಿಂದಲೇ ಔಷಧಿ ತಯಾರಿಸಿಕೊಂಡರು. 1994ರಲ್ಲಿ ಜಪಾನಿನಲ್ಲಿ ಬಳಕೆಗೆ ಒಪ್ಪಿಗೆ ಸಿಕ್ಕಿತು. 1996ರಲ್ಲಿ ಅಮೆರಿಕದಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿಗೆ ಇದಕ್ಕೂ, ಅಂಡಾಶಯದ ಕ್ಯಾನ್ಸರಿಗೆ ಇದರ ಸೋದರ ಟೋಪೋಟೆಕಾನಿಗೂ ಒಪ್ಪಿಗೆ ದೊರೆಯಿತು. ಭಾರತದ ಆಸ್ಪತ್ರೆಗಳಲ್ಲಿಯೂ ಇವು ಬಳಕೆಯಲ್ಲಿವೆ.

ಹಾಗೆಂದು ದಾರಿಯ ಮುಳ್ಳು ಮುಗಿಯಲಿಲ್ಲ. ಕೆಲಸ ಮುಗಿದ ಎಸ್‌ಎನ್-38ಕ್ಕೆ ಯಕೃತ್ತು ಸಕ್ಕರೆಯಂಥ ಒಂದು ಆಮ್ಲವನ್ನು ಅಂಟಿಸಿ ಅದರ ಹಲ್ಲು ಕೀಳುತ್ತದೆ, ಪಿತ್ತರಸದ ಜೊತೆ ಕರುಳಿಗೆ ಕಳುಹಿಸುತ್ತದೆ. ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ತಮ್ಮ ಆಹಾರಕ್ಕಾಗಿ ಆ ಸಕ್ಕರೆಯ ತುಂಡನ್ನು ಕಿತ್ತುಕೊಳ್ಳುತ್ತವೆ. ಔಷಧಿಗೆ ಮತ್ತೆ ಹಲ್ಲು ಬಂದು ಕರುಳಿನ ಒಳಪದರವನ್ನೇ ಕಚ್ಚುತ್ತದೆ. ಈ ಔಷಧಿ ಪಡೆದವರಿಗೆ ಕೆಲ ದಿನಗಳ ಮೇಲೆ ವಿಪರೀತ ಭೇದಿಯಾಗುವುದು ಇದರಿಂದ. ಅದನ್ನು ಸಾಮಾನ್ಯ ಹೊಟ್ಟೆಕೆಡುಕೆಂದು ಮನೆಯಲ್ಲಿ ಕೂರಬಾರದು, ಕೂಡಲೇ ದವಾಖಾನೆಗೆ ತಿಳಿಸಬೇಕು. ಇನ್ನು ಕೆಲವರಲ್ಲಿ, ಆ ಆಮ್ಲ ಅಂಟಿಸುವ ಯಕೃತ್ತಿನ ಕಿಣ್ವವೇ ಹುಟ್ಟಿನಿಂದ ಮಂದ. ಅವರಿಗೆ ಎಲ್ಲರಿಗೂ ಕೊಡುವ ಪ್ರಮಾಣ ಹೆಚ್ಚಾಗುತ್ತದೆ. ಅಂಥವರಿಗೆ ಪ್ರಮಾಣ ತಗ್ಗಿಸುವ ಬಗ್ಗೆ 2005ರಿಂದ ಅಮೆರಿಕದಲ್ಲಿ ಔಷಧಿಯ ಮಾಹಿತಿಪತ್ರದಲ್ಲೇ ಎಚ್ಚರಿಕೆ ಮುದ್ರಿಸುತ್ತಿದ್ದಾರೆ.

2020ರ ಏಪ್ರಿಲ್‌ನಲ್ಲಿ ಎಸ್‌ಎನ್-38ಅನ್ನು ಪ್ರತಿಕಾಯವೊಂದಕ್ಕೆ ಕಟ್ಟಿ, ಕ್ಯಾನ್ಸರ್ ಕೋಶದ ವಿಳಾಸಕ್ಕೇ ಟಪಾಲು ಕಳುಹಿಸಿದಂತೆ ಕಳುಹಿಸುವ ಹೊಸ ಔಷಧಿಗೆ ಸ್ತನ ಕ್ಯಾನ್ಸರಿನ ಒಂದು ಬಗೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ತಿಂಗಳು ಮನ್ಸುಖ್ ವಾಣಿಯವರು ತೀರಿಕೊಂಡರು, 95 ವರ್ಷದವರಾಗಿ.

ಇನ್ನು ಮರದ ಮಾತು. ಇರಿನೋಟೆಕಾನ್ ಆಗಲಿ ಟೋಪೋಟೆಕಾನ್ ಆಗಲಿ ತಯಾರಾಗುವುದು ಮರದಿಂದ ತೆಗೆದ ಕ್ಯಾಂಪ್ಟೋಥೆಸಿನ್ನಿನಿಂದ. ಔಷಧಿ ಗೆದ್ದ ಕೂಡಲೇ ಮರಕ್ಕೆ ಕುತ್ತು ಬಂತು. ಒಂದು ಕಿಲೋ ವಸ್ತುವಿಗೆ ಒಂದು ಟನ್ನಿನಷ್ಟು ಒಣ ಕಟ್ಟಿಗೆ ಬೇಕು. ಕಾಂಡಕ್ಕಿಂತ ಬೇರಿನಲ್ಲಿ ಹೆಚ್ಚಿರುವುದರಿಂದ ಬುಡಸಮೇತ ಕಿತ್ತರು. ಬೇರು ಬಿಟ್ಟು ಕಡಿದಿದ್ದರೆ ಮತ್ತೆ ಚಿಗುರುತ್ತಿತ್ತೇನೋ, ಕಿತ್ತದ್ದು ಚಿಗುರುವುದೆಲ್ಲಿಂದ? ಮಹಾರಾಷ್ಟ್ರದ ಘಟ್ಟದಲ್ಲಿ, ಕರ್ನಾಟಕದ ಮಲೆನಾಡಿನಲ್ಲಿ, ಎರಡೂ ಕಡೆ ಮರ ವಿರಳವಾಯಿತು. ಕಡಿದ ಕೂಲಿಯವನಿಗೆ ಸಿಕ್ಕದ್ದು ದಿನದ ಕೂಲಿ. ಸಿಕ್ಕಿಬಿದ್ದಾಗ ಮೊಕದ್ದಮೆಯೂ ಮೊದಲು ಅವನ ಮೇಲೆಯೇ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಅವರ ತಂಡ ಪಶ್ಚಿಮ ಘಟ್ಟದ ಉದ್ದಕ್ಕೂ ಮರಗಳನ್ನು ಪರೀಕ್ಷಿಸಿ, ಹೆಚ್ಚು ಸತ್ತ್ವವಿರುವ ಮರಗಳು ಎಲ್ಲಿವೆಯೆಂದು 2008ರಲ್ಲಿ ಪ್ರಕಟಿಸಿತು. ಅವುಗಳಿಂದ ಸಸಿ ಬೆಳೆಸಿದರೆ ಕಾಡನ್ನು ಬಿಟ್ಟು ಹೊಲದಲ್ಲೇ ಬೆಳೆಯಬಹುದೆಂಬ ಆಸೆಯಿಂದ. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದವರು ಮರವೇ ಬೇಡ, ಅದರ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸೋಣವೆಂದು ಪ್ರಯತ್ನಿಸಿದರು. 2005ರಲ್ಲಿ ಜಮ್ಮುವಿನ ವಿಜ್ಞಾನಿಗಳು ಇನ್ನೂ ಸೋಜಿಗದ ಸಂಗತಿ ಹೇಳಿದರು: ಈ ಮರದ ಒಳಗೆ, ಮರಕ್ಕೆ ತೊಂದರೆ ಕೊಡದೆ ವಾಸಿಸುವ ಒಂದು ಶಿಲೀಂಧ್ರವೂ ಕ್ಯಾಂಪ್ಟೋಥೆಸಿನ್ ತಯಾರಿಸುತ್ತದೆ. ಹಾಗಾದರೆ ಮರ ಕಡಿಯುವುದೇ ಬೇಡ, ದೋಸೆಹಿಟ್ಟಿನಂತೆ ಹುದುಗಿಸಿ ಔಷಧಿ ತೆಗೆಯಬಹುದಲ್ಲ ಎಂದು ಎಲ್ಲರಿಗೂ ಹಿಗ್ಗಾಯಿತು. ಬೆಂಗಳೂರಿನ ತಂಡ ಇಂಥ ಶಿಲೀಂಧ್ರಗಳನ್ನು ಬೇರ್ಪಡಿಸಿ ಪಾತ್ರೆಯಿಂದ ಪಾತ್ರೆಗೆ ಬೆಳೆಸಿ ನೋಡಿತು. 2010ರಲ್ಲಿ ಅವರು ಬರೆದದ್ದು ಇಷ್ಟು: ಮರದಿಂದ ಹೊರಬಂದ ಶಿಲೀಂಧ್ರ ಮೊದಲ ಸಲ ಸ್ವಲ್ಪ ಕೊಡುತ್ತದೆ, ಮುಂದಿನ ಸಲ ಇನ್ನೂ ಕಡಿಮೆ, ಹೀಗೆ ಪಾತ್ರೆ ಬದಲಾದಂತೆಲ್ಲ ಇಳಿಯುತ್ತ ಹೋಗುತ್ತದೆ. ಮರದ ಒಳಗಿದ್ದಾಗ ಅದಕ್ಕೆ ಸಿಗುತ್ತಿದ್ದ ಯಾವುದೋ ಒಂದು ಹೊರಗೆ ಸಿಗುತ್ತಿಲ್ಲ. ಅದು ಏನೆಂದು ಹುಡುಕುವ ಕೆಲಸ ಇನ್ನೂ ನಡೆದಿದೆ.